ಹಾವಿಗೆ ಬಹುಮಾನ ಕೊಟ್ಟು ಹಾವು ಹೆಚ್ಚಾದ ಕತೆ ನಿಜವೇ? ಮನಗೂಳಿಯ ಬೋರ್ ನೋಡಿದರೆ ಅರ್ಥವಾಗುತ್ತದೆ

ಈ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಬ್ರಿಟಿಷರ ಕಾಲದ ದಿಲ್ಲಿಯಲ್ಲಿ ನಾಗರಹಾವಿನ ಕಾಟ ವಿಪರೀತವಾಯಿತಂತೆ. ಸತ್ತ ಹಾವು ತಂದವರಿಗೆ ಸರಕಾರ ಬಹುಮಾನ ಘೋಷಿಸಿತಂತೆ. ಜನ ಮನೆಯಲ್ಲೇ ಹಾವು ಸಾಕಿ, ಕೊಂದು ತಂದು ದುಡ್ಡು ಎಣಿಸಿಕೊಂಡರಂತೆ. ಗುಟ್ಟು ಬಯಲಾಗಿ ಬಹುಮಾನ ನಿಂತಾಗ ಸಾಕಿದ ಹಾವುಗಳನ್ನೆಲ್ಲ ಬೀದಿಗೆ ಬಿಟ್ಟರಂತೆ. ಕೊನೆಯಲ್ಲಿ ಒಂದು ಷರಾ: ನಮ್ಮ ಜನ ಎಂದೂ ಸುಧಾರಿಸುವುದಿಲ್ಲ.

ಮೊದಲು ಕತೆಯ ವಿಚಾರ. ಬ್ರಿಟಿಷ್ ಆಡಳಿತ ವಿಷದ ಹಾವು ಕೊಂದವರಿಗೆ ಬಹುಮಾನ ಕೊಡುತ್ತಿದ್ದದ್ದು ನಿಜ. ಆದರೆ ದಿಲ್ಲಿಯಲ್ಲಿ ಹಾವು ಸಾಕಿದರು, ಬೀದಿಗೆ ಬಿಟ್ಟರು ಎಂಬುದಕ್ಕೆ ಆ ಕಾಲದ ಗಟ್ಟಿ ದಾಖಲೆ ಹುಡುಕಿದವರಿಗೆ ಸಿಕ್ಕಿಲ್ಲ. ಈ ಕತೆ ಇಷ್ಟು ಹೆಸರಾಗಲು ದೊಡ್ಡ ಕಾರಣ ಜರ್ಮನ್ ಅರ್ಥಶಾಸ್ತ್ರಜ್ಞ ಹೋರ್ಸ್ಟ್ ಝೀಬರ್ಟ್. ಅವರು 2001ರಲ್ಲಿ ತಮ್ಮ ಪುಸ್ತಕಕ್ಕೆ 'ಕೋಬ್ರಾ ಎಫೆಕ್ಟ್' ಎಂದೇ ಹೆಸರಿಟ್ಟರು. ದಾಖಲೆ ಇರುವ ಘಟನೆ ಬೇರೆಯದು. ವಿಯೆಟ್ನಾಂನ ಹನೋಯ್‌ನಲ್ಲಿ 1902ರಲ್ಲಿ ಫ್ರೆಂಚ್ ಆಡಳಿತ ಪ್ಲೇಗಿಗೆ ಹೆದರಿ ಇಲಿಯ ಬಾಲಕ್ಕೆ ದುಡ್ಡು ಕೊಟ್ಟಿತು. ಕೆಲವೇ ದಿನಗಳಲ್ಲಿ ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡತೊಡಗಿದವು. ಬಾಲ ಕತ್ತರಿಸಿ ಬಿಟ್ಟರೆ ಇಲಿ ಮತ್ತೆ ಮರಿ ಹಾಕುತ್ತದಲ್ಲ! ಇಲಿ ಸಾಕುವವರೂ ಹುಟ್ಟಿಕೊಂಡರು. ಇತಿಹಾಸಕಾರ ಮೈಕೆಲ್ ವ್ಯಾನ್ ಇದನ್ನು ಫ್ರೆಂಚರ ಕಡತಗಳಿಂದಲೇ ಹೊರತೆಗೆದಿದ್ದಾರೆ.

ಹಾವಿನ ಕತೆಗೆ ದಾಖಲೆ ಇಲ್ಲ ಎಂದರೆ ಅದರ ಒಳಗಿನ ಮಾತೂ ಸುಳ್ಳು ಎಂದಲ್ಲ. ಯಾವುದಕ್ಕೆ ಲಾಭ ಇಡುತ್ತೀರೋ ಅದು ಹೆಚ್ಚುತ್ತದೆ. ಬಾಲಕ್ಕೆ ಲಾಭ ಇಟ್ಟರೆ ಬಾಲ ಹೆಚ್ಚುತ್ತದೆ, ಇಲಿ ಕಡಿಮೆಯಾಗಬೇಕೆಂದಿಲ್ಲ. ನಮಗೆ ತಕರಾರಿರುವುದು ಕೊನೆಯ ಆ ಷರಾದ ಬಗ್ಗೆ. ಇದನ್ನು ಜನರ ಗುಣದ ಪ್ರಶ್ನೆ ಮಾಡಿದರೆ ಅಸಲಿ ಕಾರಣ ಕೈತಪ್ಪುತ್ತದೆ. ಹನೋಯ್‌ವರೆಗೆ ಹೋಗುವುದೇ ಬೇಡ, ವಿಜಯಪುರದಿಂದ ಬಸವನ ಬಾಗೇವಾಡಿ ದಾರಿಯಲ್ಲಿ ಮನಗೂಳಿ ಹತ್ತಿರ ಇಳಿದು ಯಾವುದಾದರೂ ಹೊಲದ ಬೋರ್ ಮುಂದೆ ನಿಂತರೆ ಸಾಕು.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ಕರೆಂಟ್ ಪೂರ್ತಿ ಉಚಿತ. ಇಂಥ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಹೆಚ್ಚಿವೆ. ಬಹುತೇಕ ಯಾವುದಕ್ಕೂ ಬಿಲ್ ಹಾಕುವ ಮೀಟರ್ ಇಲ್ಲ. ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ತಾಸು ಎಂಬ ಲೆಕ್ಕ, ಅದರಲ್ಲೂ ಒಂದು ಪಾಲು ರಾತ್ರಿ. ನಡುರಾತ್ರಿ ಎರಡಕ್ಕೆ ಎದ್ದು, ಹಾವು ಹುಳದ ನಡುವೆ ಕತ್ತಲಲ್ಲಿ ಹೊಲಕ್ಕೆ ಹೋಗಿ ಸ್ಟಾರ್ಟರ್ ಒತ್ತುವವರು ಯಾರು? ಅದಕ್ಕೇ ಆಟೊ ಸ್ಟಾರ್ಟರ್ ಕೂಡಿಸುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರು, ಹೋದಾಗ ತಾನೇ ಬಂದ್. ನಡುವೆ ಹೊಲಕ್ಕೆ ನೀರು ಬೇಕಿತ್ತೋ ಬೇಡವಾಗಿತ್ತೋ ಕೇಳುವವರಿಲ್ಲ.

ಒಂದು ಲೆಕ್ಕ ಹಾಕೋಣ. 7.5 ಎಚ್‌ಪಿ ಮೋಟರ್ ಎಂದರೆ ಸುಮಾರು 5.6 ಕಿಲೊವಾಟ್. ಏಳು ತಾಸು ಓಡಿದರೆ 39 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಎಂದಿಟ್ಟುಕೊಂಡರೂ ದಿನಕ್ಕೆ 270 ರೂಪಾಯಿ ಮೇಲಾಯಿತು. ಈ ದುಡ್ಡು ರೈತನ ಕಿಸೆಯಿಂದ ಹೋಗುವಂತಿದ್ದರೆ, ಮಡಿ ತುಂಬಿದ ಮೇಲೆ ಮೋಟರ್ ಬಂದ್ ಮಾಡಲು ಅವನು ಮಗನನ್ನಾದರೂ ಓಡಿಸುತ್ತಿದ್ದ. ಈಗ ಬಂದ್ ಮಾಡಿದರೂ ಒಂದು ಪೈಸೆ ಉಳಿಯುವುದಿಲ್ಲ.

ಹಾಗಂತ ರೈತ ದುರಾಸೆಯವನೇ? ನೆಲದಡಿಯ ನೀರಿಗೆ ಬದು ಇಲ್ಲ. ನನ್ನ ಬೋರ್ ನಾನು ನಿಲ್ಲಿಸಿದರೆ ಆ ನೀರು ನನ್ನ ಹೊಲದ ಕೆಳಗೇ ಕಾಯುತ್ತಾ ಕೂರುವುದಿಲ್ಲ, ಬಾಜು ಹೊಲದವರ ಮೋಟರ್ ಎಳೆದುಕೊಳ್ಳುತ್ತದೆ. ಉಳಿಸಿದವನಿಗೆ ನಷ್ಟ, ಎತ್ತಿದವನಿಗೆ ಲಾಭ. ಇಬ್ಬರೂ ಬುದ್ಧಿವಂತರಾಗಿದ್ದರೆ ಇಬ್ಬರೂ ಎತ್ತುತ್ತಾರೆ, ಇಬ್ಬರ ಬೋರೂ ಬತ್ತುತ್ತದೆ. ಆಮೇಲೆ ಇನ್ನಷ್ಟು ಆಳಕ್ಕೆ ಕೊರೆಸಬೇಕು, ಪೈಪು, ಕೇಬಲ್, ದೊಡ್ಡ ಮೋಟರ್ ಹಾಕಿಸಬೇಕು. ಅದರ ಸಾಲ ಮಾತ್ರ ಉಚಿತವಲ್ಲ. 'ಪುಕ್ಕಟೆ ಕರೆಂಟ್ ತಿಂದು ಕೊಬ್ಬಿದ ರೈತ' ಎಂಬ ಫಾರ್ವರ್ಡ್ ಬರೆಯುವವರಿಗೆ ಈ ಖರ್ಚಿನ ಅಂದಾಜಿಲ್ಲ ಎಂದು ನಮ್ಮ ಅನಿಸಿಕೆ.

ಬೆಳೆಯ ಆಯ್ಕೆಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಈ ಭಾಗದ ಎರೆ ಹೊಲ ಬಿಳಿಜೋಳಕ್ಕೆ ಹೆಸರಾದದ್ದು. ಹಿಂಗಾರಿನಲ್ಲಿ ನೆಲದ ಹಸಿಯ ಮೇಲೇ ಜೋಳ ಬರುತ್ತದೆ. ಕೇಂದ್ರ ಸರಕಾರ 2025-26ಕ್ಕೆ ಮಾಲದಂಡಿ ಜೋಳಕ್ಕೆ ಕ್ವಿಂಟಲ್‌ಗೆ 3,749 ರೂಪಾಯಿ ಬೆಂಬಲ ಬೆಲೆ ಹೇಳಿದೆ. ಆದರೆ ಖರೀದಿ ಕೇಂದ್ರ ತೆರೆದು, ನಿಮ್ಮ ಸರದಿ ಬಂದು, ಮಾಲು ಪಾಸಾದರೆ ಮಾತ್ರ ಆ ಬೆಲೆ. ಕಬ್ಬಿಗೆ ಹಾಗಲ್ಲ. ಕಾರ್ಖಾನೆ ಎಫ್‌ಆರ್‌ಪಿ ಕೊಡಲೇಬೇಕೆಂದು ಕಾನೂನೇ ಇದೆ. ಅದೇ ವರ್ಷಕ್ಕೆ ಅದು ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಬಾಕಿಯ ಜಗಳ ಇದ್ದದ್ದೇ, ಆದರೂ ಕಬ್ಬು ಮಾರಾಟವಾಗದೆ ಉಳಿಯುತ್ತದೆಂಬ ಭಯ ಕಡಿಮೆ. ನೀರು ಕಡಿಮೆ ಕುಡಿಯುವ ಬೆಳೆಗೆ ಅನುಮಾನದ ಬೆಲೆ, ನೀರು ಹೆಚ್ಚು ಕುಡಿಯುವ ಬೆಳೆಗೆ ಖಾತರಿ ಬೆಲೆ, ಮೇಲೆ ಉಚಿತ ಕರೆಂಟ್. ಈ ಮೂರನ್ನೂ ಕೂಡಿಸಿದರೆ ಒಣ ಜಿಲ್ಲೆಯಲ್ಲಿ ಕಬ್ಬು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಹನಿ ನೀರಾವರಿ ಹಾಕಿದರೆ ಸರಿಹೋಗುವುದಿಲ್ಲವೇ? ರಾಜ್ಯದಲ್ಲಿ ಅದಕ್ಕೆ ಶೇ. 90ರವರೆಗೂ ಸಹಾಯಧನ ಕೊಡಲಾಗಿದೆ. ಇಂಡಿ, ಸಿಂದಗಿ ಕಡೆಯ ಲಿಂಬೆ ತೋಟಗಳಿಗೆ ಡ್ರಿಪ್‌ನಿಂದ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಎಕರೆಗೆ ಸಾಲುತ್ತಿದ್ದ ನೀರು ಡ್ರಿಪ್‌ನಲ್ಲಿ ಮೂರು ಎಕರೆಗೆ ಸಾಕಾಗುತ್ತದೆ ಎಂದರೆ ಮೂರನೆಯ ಎಕರೆಗೂ ಸಸಿ ಬೀಳುತ್ತದೆ. ಗಿಡಕ್ಕೆ ನೀರು ಕಡಿಮೆಯಾಯಿತು, ಬೋರಿನಿಂದ ಎತ್ತಿದ್ದು ಕಡಿಮೆಯಾಗಲಿಲ್ಲ. ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ವಿಲಿಯಂ ಜೆವನ್ಸ್ 1865ರಲ್ಲೇ ಇದನ್ನು ಗಮನಿಸಿದ್ದರು: ಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸಲು ಕಲಿತಂತೆ ಒಟ್ಟು ಬಳಕೆ ಏರುತ್ತಲೇ ಹೋಯಿತು.

ಕರೆಂಟ್ ಕೊಡುವ ಕಂಪನಿಗಳ ಕಡೆಗೂ ಒಂದು ಲಾಭದ ಎಳೆ ಇದೆ, ಇದು ಫಾರ್ವರ್ಡ್‌ಗಳಲ್ಲಿ ಬರುವುದಿಲ್ಲ. ಪಂಪ್‌ಸೆಟ್‌ಗೆ ಮೀಟರ್ ಇಲ್ಲದಿದ್ದರೆ ರೈತ ಎಷ್ಟು ಬಳಸಿದ ಎಂಬುದು ಅಂದಾಜು. ಆ ಅಂದಾಜಿನ ಮೇಲೆ ಸರಕಾರ ಸಹಾಯಧನ ತುಂಬುತ್ತದೆ, ರಾಜ್ಯದಲ್ಲಿ ಅದು ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೇಲೆ. ಅಂದಾಜು ಹೆಚ್ಚಾದಷ್ಟೂ ತಂತಿಯಲ್ಲಿ ಸೋರಿದ, ಕಳವಾದ ಕರೆಂಟು ಕಡಿಮೆ ಕಾಣುತ್ತದೆ, ಅದೆಲ್ಲ ರೈತನ ಲೆಕ್ಕಕ್ಕೆ ಬೀಳುತ್ತದೆ. ದೇಶದ ಹಲವು ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳು ಇಂಥ ಅಂದಾಜುಗಳನ್ನು ಪ್ರಶ್ನಿಸಿವೆ. ಎರಡು ವರ್ಷದಲ್ಲಿ ಎಲ್ಲರಿಗೂ ಮೀಟರ್ ಎಂದು 2003ರ ವಿದ್ಯುತ್ ಕಾಯ್ದೆ ಹೇಳಿತ್ತು. ಮೀಟರ್ ಬಂದರೆ ನಾಳೆ ಬಿಲ್ ಬಂದೀತು ಎಂದು ರೈತನಿಗೆ ಭಯ, ವೋಟು ಹೋದೀತು ಎಂದು ಸರಕಾರಕ್ಕೆ ಭಯ, ಸೋರಿಕೆ ಬಯಲಾದೀತು ಎಂದು ಕಂಪನಿಗೆ ಅಳುಕು. ಮೀಟರ್ ಬೇಕು ಎನ್ನಲು ಯಾರಿಗೂ ಕಾರಣವಿಲ್ಲ.

ಹಾಗಾದರೆ ಉಚಿತ ಕರೆಂಟ್ ನಿಲ್ಲಿಸಬೇಕೇ? ನಮಗೆ ಹಾಗನ್ನಿಸುವುದಿಲ್ಲ, ಸಣ್ಣ ರೈತ ಮೊದಲು ಮುಳುಗುತ್ತಾನೆ. ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿದು ನೋಡಿತು. ಉಚಿತ ಕರೆಂಟ್ ಮುಟ್ಟಲಿಲ್ಲ. ಒಪ್ಪಿದ ರೈತರಿಗೆ ತಿಂಗಳಿಗೆ ಇಷ್ಟು ಯೂನಿಟ್ ಎಂದು ನಿಗದಿ ಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ ನಾಲ್ಕು ರೂಪಾಯಿ ಖಾತೆಗೆ ಹಾಕಿತು. ಈಗ ಮೋಟರ್ ಬಂದ್ ಮಾಡಿದರೆ ದುಡ್ಡು. ನಮ್ಮಲ್ಲೂ ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ 'ಸೂರ್ಯ ರೈತ' ಎಂದು ಸೋಲಾರ್ ಪಂಪ್ ಕೊಟ್ಟು, ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ ಮಾರುವ ಅವಕಾಶ ಮಾಡಿದ್ದರು. ಬಿಸಿಲನ್ನು ನೀರಾಗಿಸಬೇಕೋ ರೊಕ್ಕವಾಗಿಸಬೇಕೋ ಎಂಬ ಆಯ್ಕೆ ರೈತನ ಕೈಗೆ ಬಂದದ್ದು ಇದರ ಮುಖ್ಯ ಗುಟ್ಟು.

ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನಮಗೆ ಇನ್ನೂ ಇಷ್ಟ. ಗಿಡ ನೆಟ್ಟದ್ದಕ್ಕೆ ದುಡ್ಡು ಕೊಟ್ಟರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು: ಹೋದ ವರ್ಷದ ಗುಂಡಿಯಲ್ಲೇ ಈ ವರ್ಷವೂ ಸಸಿ, ಫೋಟೊ, ಚಪ್ಪಾಳೆ. ಈ ಯೋಜನೆಯಲ್ಲಿ ನೆಟ್ಟದ್ದಕ್ಕೆ ಏನೂ ಇಲ್ಲ, ಬದುಕಿದ್ದಕ್ಕೆ ಇದೆ. ಒಂದು ವರ್ಷ ಉಳಿದ ಸಸಿಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಹೆಚ್ಚು ಲಾಭ ಕೊನೆಗಿದೆ. ಆಡು ಬಂದು ಮೇಯದಂತೆ ಮೂರು ವರ್ಷ ಬೇಲಿ ಕಾಯುವುದು ರೈತನ ಲಾಭವೇ ಆಗುತ್ತದೆ.

ಕೆಲಸದ ಜಾಗದಲ್ಲಿ ಈ ಜಾಣತನ ಕಾಣುವುದು ಅಪರೂಪ. ಉದ್ಯೋಗ ಖಾತ್ರಿಯಲ್ಲಿ ಸುಳ್ಳು ಹಾಜರಿ ತಡೆಯಲು ಎನ್‌ಎಂಎಂಎಸ್ ಆ್ಯಪ್ ಬಂತು. 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಹಾಕುವುದು ಕಡ್ಡಾಯವಾಯಿತು. ಫೋಟೊ ಇದ್ದರೆ ಹಾಜರಿ, ಹಾಜರಿ ಇದ್ದರೆ ಕೂಲಿ. 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಸಂಬಂಧವಿಲ್ಲದ ಫೋಟೊಗಳು, ಫೋಟೊದ ಫೋಟೊಗಳು ಬರುತ್ತಿವೆ ಎಂದು ಹೇಳಿತು. ಬಾಲವಿಲ್ಲದ ಇಲಿ ನೆನಪಾಗಲಿಲ್ಲವೇ? ಅತ್ತ ನೆಟ್‌ವರ್ಕ್ ಸಿಗದ ಊರಲ್ಲಿ ನಿಜವಾಗಿ ಗುದ್ದಲಿ ಹಿಡಿದವರ ಹಾಜರಿ ತಪ್ಪಿದ ದೂರುಗಳೂ ಬಂದವು. ಬೈಯಿಸಿಕೊಂಡವರು ಕಾಯಕ ಬಂಧುಗಳು.

ಈಗ ನಿಮ್ಮ ಕೈಯಲ್ಲಿರುವ ಫೋನಿನ ವಿಚಾರ. 2017ರಿಂದ ಕೆಲಕಾಲ ಫೇಸ್‌ಬುಕ್ ಒಂದು 'ಲೈಕ್'ಗಿಂತ ಸಿಟ್ಟಿನ ಮುಖ ಸೇರಿದ ಇಮೋಜಿಗಳಿಗೆ ಐದು ಪಟ್ಟು ತೂಕ ಕೊಡುತ್ತಿತ್ತು. ಜನರಿಗೆ ಏನನ್ನು ಮೊದಲು ತೋರಿಸಬೇಕು ಎಂಬುದು ಆ ತೂಕದ ಮೇಲೂ ನಿಂತಿತ್ತು. ಸಿಟ್ಟು ತರಿಸಿದ ಪೋಸ್ಟ್ ಮೇಲೆ ಬಂತು, ಪುಟ ನಡೆಸುವವರು ಸಿಟ್ಟು ಬರಿಸುವುದನ್ನೇ ಕಲಿತರು. 2020ರ ಸೆಪ್ಟೆಂಬರ್‌ನಲ್ಲಿ ಸಿಟ್ಟಿನ ಮುಖದ ತೂಕವನ್ನು ಸೊನ್ನೆಗಿಳಿಸಿದರು. ಕಂಪನಿಯ ಒಳ ಕಡತಗಳು ಹೊರಬಿದ್ದ ಮೇಲೆ, 2021ರಲ್ಲಿ, ಇದು ಲೋಕಕ್ಕೆ ತಿಳಿಯಿತು.

ವಾಟ್ಸ್‌ಆ್ಯಪ್‌ನಲ್ಲಿ ತೂಕ ಹಾಕುವವರು ನಾವೇ. ಫಾರ್ವರ್ಡ್ ಮಾಡಲು ಖರ್ಚಿಲ್ಲ. ಮೊದಲು ಹೇಳಿದವರು ಎಂಬ ಹೆಮ್ಮೆ ತಕ್ಷಣ ಸಿಗುತ್ತದೆ. ಸುಳ್ಳಾದರೆ ನಷ್ಟ ಬೇರೆ ಯಾರಿಗೋ. ಆ ಬೇರೆಯವರು ಯಾರು ಎಂಬುದು 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗೊತ್ತಾಯಿತು. ಸ್ನೇಹಿತರ ಜತೆ ಬಂದಿದ್ದ ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂದು ತಿಳಿದು ಗುಂಪು ಹೊಡೆದು ಕೊಂದಿತು. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಮುಟ್ಟಿತ್ತು. ದೇಶದ ಹಲವೆಡೆ ಇಂಥ ಸಾವುಗಳಾದ ಮೇಲೆ ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಎಂದು ಬಿಗಿ ಮಾಡಿತು. ಅಂಥ ಸಂದೇಶಗಳ ಓಡಾಟ ಶೇ. 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ಯಾರೂ ಉಪದೇಶ ಕೇಳಿ ಒಳ್ಳೆಯವರಾಗಿರಲಿಲ್ಲ, ಬೆರಳಿಗೆ ನಾಲ್ಕು ಸಲ ಹೆಚ್ಚು ಒತ್ತುವ ಕೆಲಸ ಬಿತ್ತು, ಅಷ್ಟೇ.

ಹಾವಿನ ಕತೆ ನಿಮಗೆ ಬಂದಾಗ ಮೇಲೆ ಎರಡು ಬಾಣದ ಗುರುತು ಇದೆಯೇ ನೋಡಿ. ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ, ಕಳುಹಿಸಿದವರಿಗೂ ದಿಲ್ಲಿಯ ದಾಖಲೆ ಗೊತ್ತಿರಲಾರದು. ಕಳುಹಿಸಲೇಬೇಕು ಎನ್ನಿಸಿದರೆ ಹನೋಯ್‌ನ ಇಲಿಯದನ್ನು ಕಳುಹಿಸಿ, 1902 ಎಂದು ಇಸವಿ ಸೇರಿಸಿ.