ನಿಮಗಿದು ಗೊತ್ತೆ? ಅಭಿಮಾನದ ಅಳತೆ 21 ಅಡಿ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಬೇಸ್‌ಬಾಲ್ ಕ್ರೀಡಾಂಗಣವಾದ ಪಿಎನ್‌ಸಿ ಪಾರ್ಕಿನಲ್ಲಿ ಬಲಪಾರ್ಶ್ವದ ಗೋಡೆಯು ಸರಿಯಾಗಿ 21 ಅಡಿ ಎತ್ತರವಿರುವುದು ಆಕಸ್ಮಿಕವಲ್ಲ. ಆ ನಗರದ ಪೈರೇಟ್ಸ್ ತಂಡಕ್ಕಾಗಿ 18 ಋತುಗಳ ಕಾಲ ಆಡಿ, ಮೈದಾನದ ಬಲಪಾರ್ಶ್ವವನ್ನು ಅಪ್ರತಿಮ ಕೌಶಲದಿಂದ ಕಾಯ್ದ, ಪೋರ್ಟೊ ರಿಕೊ ದ್ವೀಪದ ರೊಬೆರ್ಟೊ ಕ್ಲೆಮೆಂಟೆ ಧರಿಸುತ್ತಿದ್ದ ಅಂಗಿಯ ಸಂಖ್ಯೆಯೇ ಅದು.

1972ರ ಡಿಸೆಂಬರಿನಲ್ಲಿ ನಿಕರಾಗುವಾದ ರಾಜಧಾನಿ ಮನಾಗುವಾ ಭೂಕಂಪದಿಂದ ಧ್ವಂಸವಾಗಲು, ತಾವು ಕಳುಹಿಸಿದ ಪರಿಹಾರಸಾಮಗ್ರಿಯು ಸಂತ್ರಸ್ತರ ಕೈಸೇರದೆ ಅನ್ಯರ ಪಾಲಾಗುತ್ತಿದೆಯೆಂಬ ವಾರ್ತೆಯಿಂದ ವ್ಯಾಕುಲರಾಗಿ, ಸ್ವತಃ ತಾವೇ ಹೋಗಿ ಹಂಚಲೆಂದು ಡಿಸೆಂಬರ್ 31ರ ರಾತ್ರಿ ಅವರು ಹತ್ತಿದ ವಿಮಾನವು ಸ್ವಲ್ಪ ಹೊತ್ತಿನಲ್ಲಿಯೇ ಸಮುದ್ರಕ್ಕುರುಳಿತು. ಆಗ ಅವರಿಗೆ ಕೇವಲ 38 ವರ್ಷ. ಶೋಕಾರ್ತರಾದ ದ್ವೀಪವಾಸಿಗಳು ಕಡಲತೀರದಲ್ಲಿ ನೆರೆದು ನಿರೀಕ್ಷಿಸುತ್ತಿದ್ದರು. ಸಹ ಆಟಗಾರ ಮ್ಯಾನಿ ಸಾಂಗಿಯೆನ್ ಅವರಂತೂ ಸ್ಮರಣಸಭೆಗೂ ಹೋಗದೆ, ಮುಳುಗುಗಾರರೊಡನೆ ತಾವೂ ನೀರಿಗಿಳಿದು ಮಿತ್ರನನ್ನು ಅರಸಿದರು. ಮೈತ್ರಿಗೆ ಇದಕ್ಕಿಂತ ಮಿಗಿಲಾದ ನಿದರ್ಶನವನ್ನು ಕ್ರೀಡಾಚರಿತ್ರೆಯಲ್ಲಿ ನಾನು ಕಾಣೆ. ಕ್ಲೆಮೆಂಟೆಯವರ ದೇಹವು ದೊರೆಯಲೇ ಇಲ್ಲ.

ಆ ಸೆಪ್ಟೆಂಬರಿನಲ್ಲಷ್ಟೆ ಅವರು ತಮ್ಮ 3,000ನೆಯ ಹಿಟ್ (ಚೆಂಡನ್ನು ಬಾರಿಸಿ ಸುರಕ್ಷಿತವಾಗಿ ಬೇಸ್ ತಲುಪುವುದು) ಗಳಿಸಿದ್ದರು; ಋತುಕ್ರಮದ ಪಂದ್ಯಗಳಲ್ಲಿ ಅದೇ ಕಡೆಯದಾಯಿತು. ನಿವೃತ್ತಿಯ ಬಳಿಕ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಬದಿಗಿರಿಸಿ 1973ರಲ್ಲಿಯೇ ಅವರಿಗೆ ಬೇಸ್‌ಬಾಲಿನ ಶ್ರೇಷ್ಠರಿಗೆ ಮೀಸಲಾದ ಹಾಲ್ ಆಫ್ ಫೇಮ್ ಗೌರವವನ್ನು ಸಲ್ಲಿಸಲಾಯಿತು. ಲೋಕಸೇವಾನಿರತನಾದ ಆಟಗಾರನಿಗೆ ವರ್ಷವರ್ಷವೂ ಸಲ್ಲುವ ಪ್ರಶಸ್ತಿಯೂ, ಕ್ರೀಡಾಂಗಣದ ಬಳಿಯ ಸೇತುವೆಯೂ ಅವರ ಹೆಸರನ್ನು ಹೊತ್ತಿವೆ. ಬೇಸ್‌ಬಾಲಿನ ವರ್ಣಭೇದದ ಗೋಡೆಯನ್ನು ಮುರಿದ ಜಾಕಿ ರಾಬಿನ್‌ಸನ್‌ರ ಅಂಗಿಸಂಖ್ಯೆ 42ನ್ನು ಎಲ್ಲ ತಂಡಗಳೂ ನಿವೃತ್ತಗೊಳಿಸಿದಂತೆ 21ನ್ನೂ ಗೌರವಿಸಬೇಕೆಂದು ಅಭಿಮಾನಿಗಳು ಪ್ರಾರ್ಥಿಸುತ್ತ ಬಂದಿದ್ದಾರೆ. ಆ ಪ್ರಾರ್ಥನೆಯು ಸರ್ವಥಾ ನ್ಯಾಯವಾದುದು.