ಕೆಲಸದ ನಡುವೆ ಬರುವ ಬದಲಾವಣೆ

ಶಿಡ್ಲಘಟ್ಟದಲ್ಲಿ ಒಬ್ಬ ಗೃಹಸ್ಥರು ಮನೆ ಕಟ್ಟಿಸುತ್ತಿದ್ದಾರೆನ್ನಿ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಆಗ ಮನೆಯ ಹಿರಿಯರಿಗೆ, ರೇಷ್ಮೆಹುಳು ಸಾಕಲು ಮಹಡಿಯ ಮೇಲೊಂದು ವಿಶಾಲವಾದ ಕೋಣೆ ಇದ್ದರೆ ಚೆನ್ನೆಂದು ತೋರುತ್ತದೆ. ಮೇಸ್ತ್ರಿಯೂ "ಆಗಲಿ ಸ್ವಾಮಿ" ಎಂದುಬಿಡುತ್ತಾನೆ. ತಿಂಗಳು ಕಳೆದ ಮೇಲೆ ತಿಳಿಯುತ್ತದೆ: ಆ ಭಾರಕ್ಕೆ ತಳಪಾಯ ಸಾಲದು, ಹೊಸದಾಗಿ ಕಂಬಗಳನ್ನು ಎಬ್ಬಿಸಬೇಕು, ಕಬ್ಬಿಣಕ್ಕೆ ಸಾಲ ಮಾಡಬೇಕು, ಗೃಹಪ್ರವೇಶದ ಮುಹೂರ್ತವಂತೂ ಕೈತಪ್ಪಿತು. ಕೋಣೆ ಬೇಕೆಂದದ್ದು ತಪ್ಪಲ್ಲ. "ಆಗಲಿ" ಎನ್ನುವ ಮುನ್ನ ಯಾರೂ ಲೆಕ್ಕ ಹಾಕಲಿಲ್ಲವೆಂಬುದೇ ತಪ್ಪು.

ದೊಡ್ಡ ಕಾಮಗಾರಿಗಳ ಕಥೆಯೂ ಇದೇ. ನಡುವೆ ಬದಲಾವಣೆಯೇ ಬೇಡವೆಂದು ಹಟ ಹಿಡಿಯುವ ಎಂಜಿನಿಯರು, ಬಂದ ಸಲಹೆಗೆಲ್ಲ ತಲೆದೂಗುವ ಎಂಜಿನಿಯರು, ಇಬ್ಬರೂ ಕೆಲಸ ಕೆಡಿಸುತ್ತಾರೆ. ತಿಳಿದವರು ಬದಲಾವಣೆಯ ಕೋರಿಕೆಯನ್ನು ಮೊದಲು ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆ. ಹಣ, ಕಾಲ, ಉಳಿದ ಭಾಗಗಳು ಇವಕ್ಕೆ ಅದು ಹೇಗೆ ತಾಗುತ್ತದೆಂದು ನೋಡುತ್ತಾರೆ. ಒಪ್ಪುವ ಅಧಿಕಾರವುಳ್ಳವರಿಂದ ಒಪ್ಪಿಗೆ ಪಡೆದ ಮೇಲೆಯೇ ಗುದ್ದಲಿ ಹಾಕುತ್ತಾರೆ. ಹಳೆಯ ನಕ್ಷೆಯನ್ನು ಹರಿದುಹಾಕುವುದಿಲ್ಲ, ಹೊಸದರ ಜೊತೆಗೆ ಇಟ್ಟುಕೊಳ್ಳುತ್ತಾರೆ. ಎಲ್ಲಿಂದ ಹೊರಟೆವೆಂಬುದು ಮರೆತರೆ ಎಷ್ಟು ದೂರ ಸರಿದೆವೆಂಬುದು ತಿಳಿಯುವುದು ಹೇಗೆ?

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರ ಉದಾಹರಣೆಯನ್ನೇ ನೋಡಿ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದ ಅವರು ಕನ್ನಂಬಾಡಿಯಲ್ಲಿ ಸುಮಾರು 41 ಟಿ.ಎಂ.ಸಿ. ನೀರು ನಿಲ್ಲುವ ಕಟ್ಟೆಯನ್ನು ಯೋಜಿಸಿದರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮದರಾಸು ಸರ್ಕಾರ ಆಕ್ಷೇಪಿಸಿತು. ಸದ್ಯಕ್ಕೆ 11 ಟಿ.ಎಂ.ಸಿ.ಯ ಸಣ್ಣ ಕಟ್ಟೆಗಷ್ಟೇ ಅನುಮತಿ ದೊರೆಯಿತು. 1911ರಲ್ಲಿ ಕೆಲಸ ಆರಂಭವಾದಾಗ ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಕ್ಕ ಅಗಲಕ್ಕೇ ಹಾಕಲಾಯಿತು. ಮುಂದೆ ಎತ್ತರಿಸಬೇಕಾದಾಗ ಬುಡವನ್ನು ಅಗೆಯುವ ಪ್ರಮೇಯ ಬರಬಾರದೆಂಬ ಮುಂದಾಲೋಚನೆ ಅದು. ಬರಬಹುದಾದ ಬದಲಾವಣೆಗೆ ಮೊದಲೇ ಜಾಗ ಬಿಡುವುದೆಂದರೆ ಹೀಗೆ. ಆದರೆ ಎದುರು ಪಕ್ಷದವರು ಒಪ್ಪದೆ ಹಾಕಿದ ಬುಡವಾದ್ದರಿಂದ ವ್ಯಾಜ್ಯ ಬೆಳೆದು ಪಂಚಾಯಿತಿಗೆ ಹೋಯಿತು. 1914ರಲ್ಲಿ ತೀರ್ಪು ಬಂದರೂ ಮದರಾಸು ಸುಮ್ಮನಾಗಲಿಲ್ಲ, ಒಪ್ಪಂದವಾದದ್ದು 1924ರಲ್ಲಿ. ಕಲ್ಲಿನ ಲೆಕ್ಕ ಬೇಗ ಮುಗಿಯುತ್ತದೆ, ಒಪ್ಪಿಗೆಯ ಲೆಕ್ಕ ಹಾಗಲ್ಲ.

ಈಗ ನಮ್ಮ ಸೀಮೆಗೆ ಬನ್ನಿ. ಗೌರಿಬಿದನೂರು, ಚಿಂತಾಮಣಿಗಳ ಕೊಳವೆಬಾವಿಗಳು ಎಷ್ಟು ಆಳಕ್ಕೆ ಇಳಿದಿವೆಯೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಸಕಲೇಶಪುರದ ಕಡೆಯ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಇತ್ತ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆಯಾಯಿತು. 2012ರಲ್ಲಿ ಅದರ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಬೆಲೆಯೇರಿಕೆಯೊಂದನ್ನೇ ದೂರುವಂತಿಲ್ಲ. ನೀರನ್ನು ತಂದು ನಿಲ್ಲಿಸಬೇಕಾದ ಭೈರಗೊಂಡ್ಲು ಜಲಾಶಯದ ಜಮೀನು ಕೊರಟಗೆರೆ, ದೊಡ್ಡಬಳ್ಳಾಪುರ ಎಂಬ ಎರಡು ತಾಲ್ಲೂಕುಗಳಲ್ಲಿ ಹಂಚಿಹೋಗಿತ್ತು. ಎರಡು ಕಡೆ ಜಮೀನಿನ ಸರ್ಕಾರಿ ಬೆಲೆ ಬೇರೆ ಬೇರೆ. ಮುಳುಗುವ ನೀರು ಒಂದೇ, ಪರಿಹಾರ ಮಾತ್ರ ಎರಡೇಕೆ ಎಂದು ರೈತರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಾಲುವೆ ತೋಡಿದ ಮೇಲೆ ಉತ್ತರ ಹುಡುಕುವುದಕ್ಕಿಂತ ನಕ್ಷೆ ಬರೆಯುವಾಗಲೇ ಕೇಳಿಕೊಂಡಿದ್ದರೆ ಅಗ್ಗವಾಗುತ್ತಿತ್ತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಅದು ನಡೆದದ್ದು ಸಕಲೇಶಪುರದ ಬದಿಯಲ್ಲಿ.

ಇನ್ನೊಂದು ಯೋಜನೆಯ ನೀರು ಅದಕ್ಕಿಂತ ಮುಂಚೆಯೇ ಬಂತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿಗೊಳಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರ ಜಿಲ್ಲೆಯ ಕೆರೆಗಳಿಗೂ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೂ ತುಂಬಿಸುವುದು ಅದರ ಉದ್ದೇಶ. ಈ ನೀರು ಕುಡಿಯಲಿಕ್ಕಲ್ಲ, ಅಂತರ್ಜಲ ಏರಲಿ ಎಂದು. 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಇಳಿಯಿತು. ಜುಲೈನಲ್ಲಿ ನೊರೆ ಎದ್ದಿತು. ಪಂಪು ನಿಂತಿತು, ಉಚ್ಚ ನ್ಯಾಯಾಲಯ ತಡೆ ಕೊಟ್ಟು ಆ ವರ್ಷವೇ ತೆರವು ಮಾಡಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಡೆದು, ಏಪ್ರಿಲಿನಲ್ಲಿ ಬಿಟ್ಟಿತು. ಹೆಬ್ಬಾಳ-ನಾಗವಾರ ಕಣಿವೆಯ ನೀರು ಬಳಿಕ ನಮ್ಮ ಕಂದವಾರ ಕೆರೆಗೂ ಬಂತು.

ತಪ್ಪು ಕಂಡಾಗ ತೂಬು ಮುಚ್ಚಿ, ಪರೀಕ್ಷಿಸಿ, ಮತ್ತೆ ತೆರೆಯುವುದು ಹತೋಟಿಯ ಒಂದು ಭಾಗ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಜನ ಕೇಳುತ್ತ ಬಂದಿರುವುದು ಇನ್ನೊಂದು ಭಾಗ. ಅದೂ ಮೊದಲ ನಕ್ಷೆಯಲ್ಲಿ ಇಲ್ಲದ ಬದಲಾವಣೆಯೇ. ಸ್ಥಾವರ ಎಲ್ಲಿ, ವಿದ್ಯುತ್ತಿನ ಖರ್ಚು ವರ್ಷಕ್ಕೆಷ್ಟು, ಅದನ್ನು ಹೊರುವವರು ಬೆಂಗಳೂರಿನವರೋ ನಾವೋ, ಕಟ್ಟುವವರೆಗೆ ಕೆರೆಗೆ ಬೀಳುವ ನೀರನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ, ಫಲಿತಾಂಶವನ್ನು ಎಲ್ಲಿ ಅಂಟಿಸುತ್ತಾರೆ? ನಿಮ್ಮ ಊರಿನ ಸಭೆಯಲ್ಲಿ ಈ ಮಾತು ಬಂದಾಗ ಇವಿಷ್ಟನ್ನೂ ಬರೆದು ಕೊಡಿ, ಉತ್ತರವನ್ನೂ ಬರಹದಲ್ಲೇ ಕೇಳಿ.