ಕುಮುದ್ವತಿಯ ದಾರಿಯಾಗಿ ಅಣೆಕಟ್ಟಿಗೆ

ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಅಣೆಕಟ್ಟೊಂದನ್ನು ನೋಡಿಬರುವುದು ನಮ್ಮ ನಾಡಿನ ಸಂಸಾರಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಬುತ್ತಿ ಕಟ್ಟಿಕೊಂಡು ಹೊರಟವರು ಕಟ್ಟೆಯ ಎತ್ತರಕ್ಕೆ ಬೆರಗಾಗಿ, ನೀರಿನ ಹರವನ್ನು ಕಂಡು ಕಣ್ದಣಿದು, ಸಂಜೆಗೆ ಮನೆ ಸೇರುವರು. ಆ ನೀರು ಎಲ್ಲಿಂದ ಬಂದಿತು, ಯಾರ ಹೊಲಗಳನ್ನು ದಾಟಿ ಬಂದಿತು, ಅದನ್ನು ತಡೆದು ನಿಲ್ಲಿಸಿದುದಕ್ಕೆ ತೆತ್ತ ಬೆಲೆಯೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ ತಮ್ಮ ಮಕ್ಕಳಿಗೆ ಲೋಕವನ್ನು ತೋರಿಸುತ್ತಿರುವರು. ಅವರಿಗೂ ಪೋಷಕರಿಗೂ ನಾವು ಬೇರೊಂದು ಬಗೆಯ ಪ್ರವಾಸವನ್ನು ಸೂಚಿಸಬಯಸುತ್ತೇವೆ. ಅಣೆಕಟ್ಟಿನ ಬಳಿಗೆ ನೇರವಾಗಿ ಹೋಗದೆ, ಹೊಳೆ ಹುಟ್ಟುವ ತಾಣದಿಂದ ಹೊರಟು, ಹೊಳೆಯ ಜೊತೆಯಲ್ಲಿಯೇ ಅಣೆಕಟ್ಟನ್ನು ಸೇರುವುದು ಆ ಬಗೆ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ಶಿವಗಂಗೆಯ ಬೆಟ್ಟವಿರುವುದು ಎಲ್ಲರಿಗೂ ತಿಳಿದಿದೆ. ಆ ಬೆಟ್ಟದ ಇಳಿಜಾರುಗಳಲ್ಲಿ ಕುಮುದ್ವತಿ ಎಂಬ ಹೊಳೆಯು ಹುಟ್ಟಿ, ನೆಲಮಂಗಲ ಮತ್ತು ಮಾಗಡಿ ಸೀಮೆಗಳನ್ನು ದಾಟಿ, ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಕೂಡುವುದು. ಅರ್ಕಾವತಿಯಾದರೋ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಬರುವುದು. ಇವೆರಡೂ ಸೇರುವ ಎಡೆಯಲ್ಲಿ 1933ರಲ್ಲಿ ಪೂರ್ತಿಯಾದ ಕಟ್ಟೆಯೇ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು. ಅದರ ಜಲಾಶಯಕ್ಕೆ ಚಾಮರಾಜಸಾಗರವೆಂದು ಹೆಸರು.

ಈ ಕಟ್ಟೆ ಹುಟ್ಟಿದ ಬಗೆಯನ್ನು ಮೊದಲು ತಿಳಿಯತಕ್ಕದ್ದು. ಬೆಂಗಳೂರು ನಗರವು ಮೊದಲು ತನ್ನ ಕೆರೆ ಬಾವಿಗಳ ನೀರನ್ನೇ ನೆಚ್ಚಿಕೊಂಡಿತ್ತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, ಸೋಲದೇವನಹಳ್ಳಿಯ ಯಂತ್ರಾಗಾರದಿಂದ ನಗರಕ್ಕೆ ನೀರನ್ನು ಏರಿಸುವ ಏರ್ಪಾಡಾಯಿತು. ಮೂವತ್ತು ವರ್ಷಗಳು ತುಂಬುವುದರೊಳಗೆ ನಗರ ಬೆಳೆಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೆಸರಘಟ್ಟದ ಕೆರೆ ಬತ್ತಿತು. ಆಗ ಅದೇ ಹೊಳೆಯ ಕೆಳಗಡೆ, ಕುಮುದ್ವತಿಯ ನೀರೂ ಬಂದು ಸೇರುವಲ್ಲಿ, ಇನ್ನೂ ದೊಡ್ಡದೊಂದು ಕಟ್ಟೆ ಬೇಕೆಂದು ತೀರ್ಮಾನವಾಯಿತು. 1931ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 3 ಲಕ್ಷ. ಅಷ್ಟು ಜನರ ಬಾಯಾರಿಕೆಗೆ ಈ ಜಲಾಶಯವು ಧಾರಾಳವಾಗಿ ಸಾಕಾಗುವಂತಿತ್ತು.

ಅದರಿಂದಾದ ಉಪಕಾರವನ್ನು ನಾವು ಮರೆಯಬಾರದು. ಬೀದಿಯ ನಲ್ಲಿಯಲ್ಲಿ ನೀರು ಬಂದುದರಿಂದ ಹೆಚ್ಚು ಸುಖಪಟ್ಟವರು ಹೆಂಗಸರೂ ಹೆಣ್ಣುಮಕ್ಕಳೂ. ಕೊಡ ಹೊತ್ತು ಬಾವಿಗೆ ನಡೆಯುವ ಹೊತ್ತು ಉಳಿದರೆ ಪುಸ್ತಕ ಹಿಡಿಯಲು ಹೊತ್ತು ಸಿಕ್ಕುವುದು. ಹೆಣ್ಣುಮಕ್ಕಳ ಶಾಲೆಯ ಬಾಗಿಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುದ್ಧವಾದ ನೀರಿನಿಂದ ವಾಂತಿಭೇದಿಯಂಥ ರೋಗಗಳ ಭಯವೂ ತಗ್ಗುವುದು. ಆದಕಾರಣ, ಕಟ್ಟೆ ಕಟ್ಟಿದುದೇ ತಪ್ಪೆಂದು ನಾವು ಹೇಳುವವರಲ್ಲ. ಕಟ್ಟೆಯ ಲೆಕ್ಕದಲ್ಲಿ ಬರೆಯದೆ ಉಳಿದ ಬಾಬು ಯಾವುದೆಂದು ತೋರಿಸುವುದಷ್ಟೇ ನಮ್ಮ ಉದ್ದೇಶ.

ಅಣೆಕಟ್ಟು ನೀರನ್ನು ಉಂಟುಮಾಡುವುದಿಲ್ಲ. ಮೇಲಿನ ನೆಲವು ಇಳಿಯಗೊಟ್ಟ ನೀರನ್ನು ಹಿಡಿದಿಡುವುದು ಮಾತ್ರ. ತಿಪ್ಪಗೊಂಡನಹಳ್ಳಿಗೆ ನೀರನ್ನೊದಗಿಸುವ ಪ್ರದೇಶದ ವಿಸ್ತಾರ ಸುಮಾರು 560 ಚದರ ಮೈಲಿ. ಅಷ್ಟು ನೆಲದ ಮೇಲೆ ಒಂದಂಗುಲ ಮಳೆ ಬಿದ್ದರೆ ಅದು ಸುಮಾರು 130 ಕೋಟಿ ಘನ ಅಡಿ ನೀರಾಗುವುದು. ಜಲಾಶಯದಲ್ಲಿ ಹಿಡಿಸುವುದು ಮುನ್ನೂರು ಕೋಟಿ ಘನ ಅಡಿಗೆ ತುಸು ಮಿಕ್ಕು. ಎಂದರೆ, ವರ್ಷದಲ್ಲಿ ಈ ಸೀಮೆಗೆ ಬೀಳುವ ಸುಮಾರು 32 ಅಂಗುಲ ಮಳೆಯಲ್ಲಿ ಎರಡೂವರೆ ಅಂಗುಲದಷ್ಟು ಹರಿದು ಬಂದರೂ ಜಲಾಶಯ ತುಂಬಬೇಕು. ಹದಿಮೂರು ಪಾಲಿನಲ್ಲಿ ಒಂದೇ ಪಾಲು! ಆ ಒಂದು ಪಾಲೂ ಬಾರದಂತಾದುದೇಕೆ? ಈ ಪ್ರಶ್ನೆಗೆ ಉತ್ತರವು ಕಟ್ಟೆಯ ಬಳಿ ನಿಂತರೆ ದೊರೆಯದು. ಸೋಂಪುರದಿಂದ ಹೊರಟವರಿಗೆ ದೊರೆಯುವುದು.

ನಾವು ಮನೆಯವರೆಲ್ಲ, ಹಿರಿಯರು ಕಿರಿಯರು ಕೂಡಿ, ಈ ದಾರಿಯಲ್ಲಿ ಹೋದೆವು. ಹೊಳೆಯ ಜಾಡನ್ನು ಅನೇಕ ಕಡೆ ಕೇಳಿ ಕೇಳಿ ಗುರುತಿಸಬೇಕಾಯಿತು. ಒಂದೆಡೆ ಅದು ಜಾಲಿಯೂ ಲಾಂಟಾನವೂ ಬೆಳೆದ ತಗ್ಗು. ಇನ್ನೊಂದೆಡೆ ಹೊಲಕ್ಕೆ ಸೇರಿಹೋದ ಓಣಿ. ಮತ್ತೊಂದೆಡೆ ಸೇತುವೆಯ ಕೆಳಗೆ ಕಸ ಸುರಿದ ಹಳ್ಳ. “ಹೊಳೆ ಎಲ್ಲಜ್ಜಿ?” ಎಂದು ಮಗುವೊಂದು ಕೇಳಿದಾಗ, ಆ ಕಡೆಯಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು, “ಇದೇ ಕಣಮ್ಮ. ಮೊಳದಾಳ ಮರಳು ಬಗೆದರೆ ಒರತೆ ಬರ್ತಿತ್ತು, ಬೇಸಿಗೇಲೂ ಬರ್ತಿತ್ತು. ಅದನ್ನೇ ಸೋಸಿ ತುಂಬಿಕೊಳ್ತಿದ್ದೆವು” ಎಂದರು.

ಆ ‘ಒರತೆ’ ಎಂಬ ಮಾತಿನಲ್ಲಿಯೇ ಹೊಳೆಯ ಮರ್ಮವಡಗಿದೆ. ನಮ್ಮ ಬಯಲುಸೀಮೆಯ ಹೊಳೆಗಳು ಹಿಮದಿಂದ ಹುಟ್ಟಿದವಲ್ಲ. ಮಳೆಗಾಲದಲ್ಲಿ ಇಂಗಿದ ನೀರು ನೆಲದೊಳಗೆ ನಿಧಾನವಾಗಿ ಸರಿದು, ತಗ್ಗಿನಲ್ಲಿ ಒರತೆಯಾಗಿ ಒಸರುವುದರಿಂದಲೇ ಮಳೆ ನಿಂತ ಮೇಲೂ ಅವು ಹರಿಯುವುವು. ನೆಲದೊಳಗಿನ ನೀರಿನ ಮಟ್ಟವು ಹೊಳೆಯ ಪಾತ್ರಕ್ಕಿಂತ ಕೆಳಗಿಳಿಯಿತೆಂದರೆ ಒರತೆ ನಿಲ್ಲುವುದು. ಅಷ್ಟೇ ಅಲ್ಲ, ಮೇಲೆ ಹರಿದು ಬಂದ ಮಳೆಯ ನೀರನ್ನೂ ಬಾಯಾರಿದ ನೆಲವೇ ಹೀರಿಬಿಡುವುದು.

ಎಲೀಯನು ಅಡಗಿಕೊಂಡಿದ್ದ ಕೆರೀತ್ ಹಳ್ಳವು ಬತ್ತಿದುದು ನಾಡಿನಲ್ಲಿ ಮಳೆಯಿಲ್ಲದ್ದರಿಂದ ಎಂದು ಸತ್ಯವೇದದಲ್ಲಿ ಓದಿದ್ದೇವೆ. ನಮ್ಮ ಕುಮುದ್ವತಿಯಾದರೋ ಮಳೆ ಬೀಳುತ್ತಿರುವಾಗಲೇ ಬತ್ತಿತು. ಬೆಂಗಳೂರಿನ ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಇತರರೊಡನೆ ಸೇರಿ ಅರ್ಕಾವತಿಯ ವಿಷಯವಾಗಿ 2015ರಲ್ಲಿ ಪ್ರಕಟಿಸಿದ ವಿಚಾರಣೆಯಲ್ಲಿ, ಮಳೆ ಕಡಿಮೆಯಾದುದಾಗಲಿ ಬಿಸಿಲು ಹೆಚ್ಚಿದುದಾಗಲಿ ಈ ಒಣಗುವಿಕೆಗೆ ಮುಖ್ಯ ಕಾರಣವಲ್ಲವೆಂದೂ, ಕೊಳವೆಬಾವಿಗಳು, ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಚಿಕ್ಕ ತಡೆಗಳು ಇವೇ ಹೆಚ್ಚು ಸಂಭವನೀಯ ಕಾರಣಗಳೆಂದೂ ಕಂಡುಬಂದಿತು.

ಇವುಗಳನ್ನು ಕಂಡು ರೈತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಈ ಸೀಮೆಯಲ್ಲಿ ಹುಟ್ಟಿದ ನೀರು ನಗರಕ್ಕೆ ಹೋಯಿತೇ ಹೊರತು, ಸೋಂಪುರದ ಹೊಲಗಳಿಗೆ ಚಾಮರಾಜಸಾಗರದಿಂದ ಕಾಲುವೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಏಕೆಂದರೆ ಹೊಲಗಳು ಮೇಲೆ, ಜಲಾಶಯ ಕೆಳಗೆ. ಕೆರೆಗಳಲ್ಲಿ ಹೂಳು ತುಂಬಿ, ನೀರಗಂಟಿಯ ಕಾವಲು ತಪ್ಪಿ, ತೂಬುಗಳು ಒಣಗಿದ ಮೇಲೆ ರೈತನಿಗೆ ಉಳಿದ ದಾರಿ ಕೊಳವೆಬಾವಿಯೊಂದೇ. ಕೂಲಿಯಾಳು ದೊರೆಯದ ಮನೆಗಳವರು ರಾಗಿಯ ಹೊಲದಲ್ಲಿ ನೀಲಗಿರಿ ನೆಟ್ಟರು. ಆ ಕಾಲದಲ್ಲಿ ಅದನ್ನು ನೆಡಿರೆಂದು ಪ್ರೋತ್ಸಾಹಿಸಿದವರೂ ಉಂಟು. ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದುದು 2017ರಲ್ಲಿ. ಡಾಬಸ್‌ಪೇಟೆಯ ಸುತ್ತ ಸೋಂಪುರ ಕೈಗಾರಿಕಾ ಪ್ರದೇಶವು ಬೆಳೆದು, ಅನೇಕ ಮನೆಗಳಿಗೆ ಅನ್ನವಾಯಿತು; ಅದರ ಜೊತೆಯಲ್ಲಿಯೇ ನೀರು ಇಂಗುತ್ತಿದ್ದ ಬಯಲು ಕಾಂಕ್ರೀಟಿನಡಿ ಮುಚ್ಚಿತು.

ಈ ಎಲ್ಲದರ ಫಲವಾಗಿ ತಿಪ್ಪಗೊಂಡನಹಳ್ಳಿಗೆ ಬರುವ ನೀರು ವರ್ಷವರ್ಷಕ್ಕೂ ಕುಗ್ಗಿತು. ಬಂದ ನೀರೂ ಕಲುಷಿತವಾಯಿತು. 2003ನೆಯ ನವೆಂಬರಿನಲ್ಲಿ ಸರ್ಕಾರವು ಜಲಾಶಯದ ಸುತ್ತಲೂ ಎರಡು ಹೊಳೆಗಳ ದಡಗಳಲ್ಲಿಯೂ ಕಟ್ಟಡ ಕಾರ್ಖಾನೆಗಳಿಗೆ ಮಿತಿ ಹಾಕಿ ಆಜ್ಞೆ ಹೊರಡಿಸಿತು. 2019ರಲ್ಲಿ ಆ ಮಿತಿಗಳನ್ನು ಸಡಿಲಿಸಲಾಯಿತು. 2012ರ ಹೊತ್ತಿಗೆ ನಗರಕ್ಕೆ ಇಲ್ಲಿಂದ ನೀರು ಸರಬರಾಜಾಗುವುದು ನಿಂತುಹೋಯಿತು. ಮಳೆ ಮಿಗಿಲಾದ ವರ್ಷಗಳಲ್ಲಿ ಜಲಾಶಯವು ತುಂಬಿ ಬಂದುದುಂಟು. ಅದನ್ನು ಮರಳಿ ಉಪಯೋಗಕ್ಕೆ ತರುವ ಕೆಲಸವನ್ನೂ ಕೈಗೊಂಡಿರುವರು. ಆದರೆ ದಶಕಗಳ ಕಾಲ ನಗರದ ದಾಹವನ್ನು ತಣಿಸಿದ ಕಟ್ಟೆಯು ಬರಿದಾಗಿ ನಿಂತುದು ಸಣ್ಣ ಸಂಗತಿಯಲ್ಲ.

ಇನ್ನು ಬೆಲೆಯ ವಿಚಾರ. ಮೊದಲನೆಯದು, ಕಟ್ಟೆಯ ಕೆಳಗಿನ ಬೆಲೆ. ಅರ್ಕಾವತಿಯು ರಾಮನಗರ, ಕನಕಪುರಗಳ ಮಾರ್ಗವಾಗಿ ಹೋಗಿ ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಮೇಲಿನ ನೀರನ್ನು ತಡೆದಾಗ ಕೆಳಗಿನ ಪಾತ್ರಕ್ಕೆ ಹೊಸ ನೀರಿನ ಹೊನಲೂ ಮೆಕ್ಕಲುಮಣ್ಣೂ ತಪ್ಪುವುವು. ಹರಿಯುವ ನೀರನ್ನು ನೆಚ್ಚಿದ ಮೀನೂ ಮರವೂ ಸೊರಗುವುವು. ಎರಡನೆಯದು, ಕಟ್ಟೆಯ ಮೇಲಿನ ಬೆಲೆ. ನೀರು ಕೊಟ್ಟ ಹಳ್ಳಿಗಳು ನೀರಿಲ್ಲದೆ ಉಳಿದುವು. ಆಮೇಲೆ ನಿರ್ಬಂಧಗಳೂ ಅವುಗಳ ತಲೆಯ ಮೇಲೆಯೇ ಬಿದ್ದುವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಆದರೆ ದೂರದ್ದಾದುದರಿಂದ ಕಣ್ಣಿಗೆ ಬೀಳದು. ಹತ್ತಿರದ ಹೊಳೆ ಬತ್ತಿದಾಗ ನಗರವು ಅದನ್ನು ಉಳಿಸಿಕೊಳ್ಳುವ ಬದಲು ಇನ್ನೊಂದು ಹೊಳೆಯನ್ನು ಹುಡುಕಿಕೊಂಡು ಹೋಗುವುದು. ಹೆಸರಘಟ್ಟವಾದ ಮೇಲೆ ತಿಪ್ಪಗೊಂಡನಹಳ್ಳಿ. ಅದು ಸಾಲದೆ 1974ರಿಂದ ಕಾವೇರಿಯ ನೀರು, ಅದೂ ಸುಮಾರು 60 ಮೈಲಿ ದೂರದಿಂದ, 1,600 ಅಡಿಗಳಷ್ಟು ಎತ್ತರಕ್ಕೆ ವಿದ್ಯುಚ್ಛಕ್ತಿಯಿಂದ ಏರಿಸಿ ತಂದುದು. ಇದೀಗ ಸಕಲೇಶಪುರದ ಕಡೆಯ ಮಲೆಕಾಡಿನ ಎತ್ತಿನಹೊಳೆಯ ನೀರಿನಲ್ಲಿ ಒಂದು ಪಾಲನ್ನು ಇದೇ ತಿಪ್ಪಗೊಂಡನಹಳ್ಳಿಗೆ ತಂದು ತುಂಬುವ ಸಂಕಲ್ಪವಿದೆ. ಶಿವಗಂಗೆಯ ಮಳೆಯು ತುಂಬಬಹುದಾಗಿದ್ದ ಕಟ್ಟೆಯನ್ನು ಪಶ್ಚಿಮಘಟ್ಟದ ಹೊಳೆಯಿಂದ ತುಂಬಬೇಕಾಗಿ ಬಂದಿದೆಯಲ್ಲ, ಇದಕ್ಕಿಂತ ದುಬಾರಿಯಾದ ನೀರು ಯಾವುದು?

ಈ ಕಥೆ ನಮ್ಮದೊಂದೇ ಅಲ್ಲ. ಅಣೆಕಟ್ಟುಗಳ ಜಾಗತಿಕ ಆಯೋಗವು 2000ನೆಯ ಇಸವಿಯಲ್ಲಿ ಒಪ್ಪಿಸಿದ ವರದಿಯ ಪ್ರಕಾರ ಲೋಕದಲ್ಲಿ ಆಗ 45,000ಕ್ಕೂ ಮೇಲ್ಪಟ್ಟು ದೊಡ್ಡ ಕಟ್ಟೆಗಳಿದ್ದುವು. ಅವುಗಳಿಂದ ನೆಲೆ ತಪ್ಪಿದವರು 4ರಿಂದ 8 ಕೋಟಿ ಜನ. ಕಟ್ಟೆಗಳಿಂದ ಜನಕ್ಕೆ ಹಿತವಾದುದು ದಿಟವೆಂದೂ, ಆ ಹಿತಕ್ಕಾಗಿ ಅನೇಕ ವೇಳೆ ಮಿತಿಮೀರಿದ ಬೆಲೆಯನ್ನು ಬೇರೆಯವರು ತೆತ್ತರೆಂದೂ ಆ ಆಯೋಗವು ತೀರ್ಮಾನಿಸಿತು. ತಿಪ್ಪಗೊಂಡನಹಳ್ಳಿಯು ಇದಕ್ಕೊಂದು ಚಿಕ್ಕ ದೃಷ್ಟಾಂತ.

ಹಾಗಾದರೆ ಮಾಡತಕ್ಕದ್ದೇನು? ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರೆಂದೂ, ಇಸಾಕನು ಅವನ್ನು ತಿರುಗಿ ತೋಡಿಸಿ, ತಂದೆಯಿಟ್ಟ ಹೆಸರುಗಳನ್ನೇ ಅವುಗಳಿಗೆ ಇಟ್ಟನೆಂದೂ ಆದಿಕಾಂಡವು ಹೇಳುವುದು. ಕುಮುದ್ವತಿಯ ಸೀಮೆಯಲ್ಲಿಯೂ ಅಂಥ ಕೆಲಸ ಮೊದಲಾಗಿದೆ. 2013ರಿಂದ ಸ್ವಯಂಸೇವಕರು ಹಳ್ಳಿಯವರೊಡನೆ ಕೂಡಿ ಇಂಗುಬಾವಿಗಳನ್ನು ತೋಡಿ, ಕಲ್ಯಾಣಿಗಳ ಹೂಳೆತ್ತಿ, ಗಿಡಗಳನ್ನು ನೆಟ್ಟಿರುವರು. ಇದರಿಂದ ಜಲಾಶಯವು ಕೂಡಲೆ ತುಂಬುವುದೆಂದು ಎಣಿಸಬಾರದು. ಬರಿದಾದ ನೆಲವು ಮೊದಲು ತನ್ನ ಒಡಲನ್ನು ತುಂಬಿಕೊಳ್ಳುವುದು. ಬಳಿಕವಷ್ಟೇ ಒರತೆಯಾಗಿ ಹೊಳೆಗೆ ಕೊಡುವುದು. ಸೋಂಪುರದ ಬಾವಿಯಲ್ಲಿ ನಿಂತ ನೀರು ಅಣೆಕಟ್ಟಿಗೆ ನಷ್ಟವಾದ ನೀರೆಂದು ಬಗೆಯದೆ, ಹೊಳೆಗೆ ಕೊಟ್ಟ ಮೂಲಧನವೆಂದು ಬಗೆಯುವುದು ಲೇಸು. ಅದಕ್ಕಾಗಿ ಹಳ್ಳಿಗಳು ಪಡುವ ಶ್ರಮದ ವೆಚ್ಚದಲ್ಲಿ ನೀರು ಕುಡಿದ ನಗರವೂ ಪಾಲುಗೊಳ್ಳುವುದು ಧರ್ಮ.

ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಗ್ರಾಮ ಪಂಚಾಯಿತಿಗಳಲ್ಲಿಯೂ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಕೆಲಸದಲ್ಲಿರುವರು. ಊರಿನ ಕೆರೆಗೆ ನೀರು ತರುವ ಕಾಲುವೆ ಒತ್ತುವರಿಯಾಗದಂತೆ ನೋಡುವುದು, ಮನೆಯ ಮಾಳಿಗೆಯ ಮಳೆನೀರನ್ನು ಇಂಗಿಸುವುದು, ಹಳ್ಳಕ್ಕೆ ಕಸ ಬೀಳದಂತೆ ತಡೆಯುವುದು ಅವರ ಕೈಗೆಟುಕದ ಕೆಲಸಗಳಲ್ಲ. ಮಕ್ಕಳನ್ನು ಅಣೆಕಟ್ಟಿಗೆ ಕರೆದೊಯ್ಯುವ ತಾಯಿತಂದೆಗಳು ಅವರಿಗೆ ಹೊಳೆಯ ಹೆಸರನ್ನು ಹೇಳಿಕೊಡಲಿ. ಅದು ಯಾವ ಬೆಟ್ಟದಿಂದ ಇಳಿದು, ಯಾರ ಊರನ್ನು ಹಾದು ಬರುವುದೆಂಬುದನ್ನೂ ತೋರಿಸಲಿ. ನೀರಿನ ಋಣ ಯಾರದೆಂದು ಬಲ್ಲ ಮಕ್ಕಳು ದೊಡ್ಡವರಾದ ಮೇಲೆ ಅದನ್ನು ತೀರಿಸುವ ದಾರಿಯನ್ನೂ ಕಂಡುಕೊಳ್ಳುವರೆಂದು ನಾವು ನಂಬುತ್ತೇವೆ.